ಮುಂದಕ್ಕೆ ಮಾತ್ರ ತಿರುಗುವ ಮುಳ್ಳು

ದುಂಡಪ್ಪ ಇನ್ನು ಬಾಯಿ ತೆರೆಯದೆ ಗಡಿಯಾರ ಮುಚ್ಚಿ ಕೈಗೆ ಕೊಟ್ಟುಬಿಡಲಿ ಎಂದು ಶ್ರೀಪಾಲ ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಕೂತಿದ್ದ. ಕೊಲ್ಹಾಪುರದ ಮಹಾದ್ವಾರ ರಸ್ತೆಯಲ್ಲಿ, ಒಂದು ಹಳೆಯ ಮನೆಯ ಮೆಟ್ಟಿಲ ಕೆಳಗೆ, ಒಬ್ಬ ಮನುಷ್ಯ ಕಾಲು ಮಡಚಿ ಕೂರುವಷ್ಟು ಜಾಗದಲ್ಲಿ ದುಂಡಪ್ಪನ ರಿಪೇರಿ ಅಂಗಡಿ. ಅವನು ಕೋವಾಡದ ಕಡೆಯವನು. ಕೈಯಷ್ಟೇ ಬಾಯಿಯೂ ಚುರುಕು, ಎರಡೂ ಒಟ್ಟಿಗೆ ನಡೆದರೆ ಮಾತ್ರ ಅವನಿಗೆ ಸಮಾಧಾನ. ಗೋಡೆಯ ಮೇಲಿನ ಗಡಿಯಾರಗಳು ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು, ಯಾವುದಕ್ಕೂ ಅದರ ನಾಚಿಕೆ ಇದ್ದಂತಿರಲಿಲ್ಲ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಶ್ರೀಪಾಲ ಒಬ್ಬನೇ ಬಂದಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಆದರೆ ಪಕ್ಕದ ಸ್ಟೂಲಿನ ಮೇಲೆ ಭೂಪಾಲಣ್ಣ ಇದ್ದ, ಇಚಲಕರಂಜಿಯ ಬಸದಿ ಕಮಿಟಿಯ ಸೆಕ್ರೆಟರಿ, ಅಮೃತಶಿಲೆಯ ಕಲ್ಲಿನ ಮೇಲೆ ಹೆಸರು ಕೊರೆಸುವುದೆಂದರೆ ಊಟ ಬಿಡುವವನು. ಬಸದಿಯ ಹೊಸ ಸಭಾಗೃಹಕ್ಕೆ ಶ್ರೀಪಾಲನ ತಂದೆ ಜಿನಗೊಂಡಪ್ಪನ ಹೆಸರಿಡುವುದು, ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಅವರ ಕೈಗಡಿಯಾರ ಇಡುವುದು, ಅದರ ಕೆಳಗೆ ಕಲ್ಲಿನಲ್ಲಿ ನಾಲ್ಕು ಸಾಲು ಬರೆಸುವುದು ಎಂದು ಠರಾವಾಗಿತ್ತು. ಗಡಿಯಾರ ನಡೆಯುತ್ತಿರಬೇಕು, ಯಾವ ದೇಶದ್ದು ಎಂದೂ ತಿಳಿದಿರಬೇಕು. ಹೆಸರಿಲ್ಲದ ಗಡಿಯಾರಕ್ಕೆ ಕಲ್ಲು ಹಾಕಿಸುವುದು ಹೇಗೆ ಎಂದು ಭೂಪಾಲಣ್ಣ ಸಭೆಯಲ್ಲಿ ಕೇಳಿದ್ದ, ಎಲ್ಲರೂ ತಲೆದೂಗಿದ್ದರು.

ಜಿನಗೊಂಡಪ್ಪ ಬದುಕಿರುವವರೆಗೆ ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಬಾಯಿಗೆ ಹಾಕಲಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ಮಾತು. ಬೇರೆಯವರೂ ಆ ವ್ರತ ಹಿಡಿದವರೇ, ಆದರೆ ವ್ಯಾಪಾರ, ಮದುವೆ, ಪ್ರವಾಸ ಎಂದು ಎಲ್ಲಾದರೂ ಒಮ್ಮೆ ಜಾರಿದವರೇ. ಜಿನಗೊಂಡಪ್ಪ ಮಾತ್ರ ಜಾರಲಿಲ್ಲ. ಗೋಡೆಯ ಪಂಚಾಂಗದಲ್ಲಿ ಸೂರ್ಯಾಸ್ತದ ವೇಳೆ ಅಚ್ಚಾಗಿರುತ್ತಿತ್ತು, ಕೈಯಲ್ಲಿ ಗಡಿಯಾರ ಇರುತ್ತಿತ್ತು, ಎರಡನ್ನೂ ಹೋಲಿಸಿ ನೋಡಿ, 'ಇನ್ನೂ ಹೊತ್ತೈತಿ' ಎಂದು ಹೇಳಿಯೇ ತಾಟಿನ ಮುಂದೆ ಕೂರುತ್ತಿದ್ದ. ಚರ್ಮ ಬಸದಿಯೊಳಗೆ ಹೋಗಬಾರದೆಂದು ಗಡಿಯಾರದ ಪಟ್ಟಾ ತೆಗೆಸಿ ತನ್ನ ಮಗ್ಗದಲ್ಲೇ ನೇಯಿಸಿದ ದಪ್ಪ ನೂಲಿನ ಪಟ್ಟಿ ಹಾಕಿಸಿದ್ದ. ಪ್ರವಚನಕ್ಕೆ ಬಂದ ತ್ಯಾಗಿಗಳೊಬ್ಬರು ಆ ಪಟ್ಟಿಯನ್ನು ಮುಟ್ಟಿ ನೋಡಿ ಎರಡು ಒಳ್ಳೆಯ ಮಾತು ಹೇಳಿದ್ದರಂತೆ. ಅವನ ಹೆಂಡತಿ ಸಾವಕ್ಕನದೂ ಒಂದು ಖ್ಯಾತಿ ಇತ್ತು. ಗಂಡ ಹೊಸ್ತಿಲು ದಾಟುವ ಮೊದಲೇ ತಾಟು ಹಾಕಿರುತ್ತಿದ್ದಳು. ಮನೆಗೆ ಅಂಟಿಕೊಂಡೇ ಮಗ್ಗಗಳು, ಅವುಗಳ ಖಟಖಟದಲ್ಲಿ ಮಾತೇ ಕೇಳಿಸದು. ಅಂಥದರಲ್ಲಿ ಗಂಡನ ಹೆಜ್ಜೆ ಗುರುತಿಸುತ್ತಾಳಲ್ಲ, ಅದು ಪತಿಭಕ್ತಿ ಎಂದು ಓಣಿಯ ಹೆಂಗಸರು ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದರು. ಅಡುಗೆಮನೆಗೆ ಓಣಿಯ ಕಡೆ ಒಂದು ಕಿಟಕಿ ಇತ್ತು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಗಡಿಯಾರದ ಡಯಲು ಬೋಳಾಗಿತ್ತು. ಅಕ್ಷರವಿದ್ದ ಜಾಗದಲ್ಲಿ ಕಂದು ಕಲೆ, ಅಷ್ಟೇ. ಅದು ಎಲ್ಲಿಂದ ಬಂತೆಂದು ಅಪ್ಪ ಹೇಳಿರಲಿಲ್ಲ, ಕೇಳುವ ಧೈರ್ಯ ಶ್ರೀಪಾಲನಿಗೆ ಯಾವತ್ತೂ ಬಂದಿರಲಿಲ್ಲ. ಇಚಲಕರಂಜಿಯ ರಿಪೇರಿಯವನು ಗಡಿಯಾರವನ್ನು ಕಿವಿಗೆ ಹಿಡಿದು, ನಿಂತ ಗಡಿಯಾರದಲ್ಲಿ ಏನು ಕೇಳಿಸಿತೋ ಏನೋ, ಜರ್ಮನಿಯದು ಎಂದ. ಗಡಹಿಂಗ್ಲಜದಲ್ಲಿ, ಹೆಂಡತಿ ಕಾಂಚನಳ ತವರಿಗೆ ಹೋದಾಗ, ಅಲ್ಲಿನ ರಿಪೇರಿಯವನು ಅದರ ತೂಕ ನೋಡಿಯೇ ಇಂಗ್ಲೆಂಡಿನದು ಎಂದು ಹೇಳಿ ಚಹಾ ತರಿಸಿದ. ಜರ್ಮನಿ ಎಂದರೆ ಗಟ್ಟಿ, ಇಂಗ್ಲೆಂಡ್ ಎಂದರೆ ಘನತೆ. ಯಾವುದನ್ನು ಆರಿಸಿದರೆ ಅಪ್ಪನಿಗೆ ಒಪ್ಪುತ್ತದೆ ಎಂದು ಶ್ರೀಪಾಲ ನಿಜವಾಗಿಯೂ ಯೋಚಿಸಿದ. ಗಡಿಯಾರ ಯಾವ ದೇಶದ್ದೋ ಆ ದೇಶದ್ದೇ ಆಗಿರುತ್ತದೆ, ಅದನ್ನು ಆರಿಸಲು ಬರುವುದಿಲ್ಲ ಎಂಬುದು ಅವನಿಗೆ ಹೊಳೆದದ್ದು ಬಸ್ಸಿನಲ್ಲಿ ಕಾಗಲ ದಾಟಿದ ಮೇಲೆ. ಆಗ ತನ್ನ ಮೇಲೆ ತನಗೇ ಅಸಹ್ಯವಾಗಿ, ಪಕ್ಕದವನ ಕಡೆ ತಿರುಗಿ ಮಳೆಯ ಸಂಗತಿ ಮಾತಾಡಿದ್ದ.

"ಖರಂ ಸಾಂಗತೋ, ಸಾವುಕಾರ್ರ," ಎಂದ ದುಂಡಪ್ಪ, ಕೊನೆಗೂ ಕಣ್ಣಿನ ಗಾಜು ತೆಗೆದು. "ಖರೆ ಹೇಳತೇನಿ. ಇಂಥಾ ಘಡ್ಯಾಳ ಈ ಜಿಲ್ಲೆದಾಗ ಇನ್ನೊಂದಿಲ್ಲ. ಡಯಲು ತೊಳದೆ. ಅಕ್ಷರ ಎದ್ದು ಬಂದಾವ ನೋಡ್ರಿ. ಇದು ಮಾಡಿದವರ ಹೆಸರಲ್ಲ, ಮಾರಿದವರದು. ಮುಂಬೈದಾಗ ಯಾವನೋ ಪಾರಸಿ ಅಂಗಡಿ. ಅರ್ಧ ಹೆಸರು ಹೋಗೇತಿ."

"ಮಾಡಿದವ್ರು ಯಾರು ಹಂಗಾರ?" ಭೂಪಾಲಣ್ಣ ಮುಂದೆ ಬಾಗಿದ. ಅವನಿಗೆ ಕಲ್ಲಿನ ಚಿಂತೆ.

"ಅದಕ್ಕs ಡಯಲು ಕಿತ್ತೆ. ಕೆಳಗ ಮಾಡಿದವ್ರ ಮುದ್ರಿ ಐತಿ. ಸ್ವಿಸ್ ಮಾಲು. ಕಂಪನಿ ಯಾವಾಗೋ ಮುಚ್ಚಿರಬೇಕು, ನನ್ನ ಪುಸ್ತಕದಾಗ ಇಲ್ಲ, ನನ್ನ ಗುರುವಿಗೂ ಗೊತ್ತಿಲ್ಲ. ಮುದ್ರಿ ಏನು ಹೇಳ್ರಿ. ಮೀನ."

ಭೂಪಾಲಣ್ಣ ಹಿಂದಕ್ಕೆ ಸರಿದ. ಶ್ರೀಪಾಲನಿಗೆ ಒಂದು ಗಳಿಗೆ ಹಗುರವೆನಿಸಿತು. ಬಸದಿಯ ಬಾಗಿಲಲ್ಲಿ ಮೀನಿನ ಗುರುತಿನ ಗಡಿಯಾರ ಇಡಲು ಕಮಿಟಿ ಒಪ್ಪುವುದಿಲ್ಲ, ಠರಾವು ಬಿದ್ದುಹೋಗುತ್ತದೆ, ಗಡಿಯಾರ ಮನೆಯಲ್ಲೇ ಉಳಿಯುತ್ತದೆ, ಅಪ್ಪನ ಗಡಿಯಾರ ನಿಂತಾಗಿನಿಂದ ಸಂಜೆ ಉಣ್ಣುವುದು ಬಿಟ್ಟಿರುವ ಅವ್ವ ರಾತ್ರಿಯ ಹಸಿವಿನಿಂದ ಬಿಡುಗಡೆಯಾಗುತ್ತಾಳೆ. ಆದರೆ ಭೂಪಾಲಣ್ಣನ ಮುಖ ನಿಧಾನವಾಗಿ ಅರಳಿತು.

"ಮೀನ ಅಂದ್ರ ಅರನಾಥ ತೀರ್ಥಂಕರರ ಲಾಂಛನ ಅಲ್ಲೇನೋ ಶ್ರೀಪಾಲ," ಎಂದ ಅವನು ಧ್ವನಿ ತಗ್ಗಿಸಿ. "ಎಲ್ಲಿ ಸ್ವಿಟ್ಜರ್ಲೆಂಡ, ಎಲ್ಲಿ ಅವರು ಹುಟ್ಟಿದ ಹಸ್ತಿನಾಪುರ. ಯಾರ ಕೈಗೆ ಬರಬೇಕಿತ್ತೋ ಅವರ ಕೈಗೇ ಬಂದೇತಿ ನೋಡು." ಅವನ ಕಣ್ಣಂಚಿನಲ್ಲಿ ನಿಜವಾದ ನೀರಿತ್ತು. ಶ್ರೀಪಾಲನೂ ಕೈ ಮುಗಿದ. ಮುಗಿಯದಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ಅಷ್ಟರಲ್ಲಿ ಬಿಟ್ಟಿದ್ದರೆ ಆಗುತ್ತಿತ್ತು. ದುಂಡಪ್ಪ ಬಿಡಲಿಲ್ಲ. ಚಿಮ್ಮಟಿಗೆಯಲ್ಲಿ ಒಂದು ಪುಟ್ಟ ಚಕ್ರ ಎತ್ತಿ ಬೆಳಕಿಗೆ ಹಿಡಿದ. "ಒಂದು ವಿಚಿತ್ರ ಐತ್ರಿ. ಚಾವಿ ಕೊಡೂ ಹಲ್ಲು ಹೊಸಾವ ಇದ್ದಂಗ ಅದಾವ. ಆದ್ರ ಮುಳ್ಳ ತಿರುವೂ ಹಲ್ಲು ನೋಡ್ರಿ, ಬೋಳು. ಯಾರೋ ದಿನಾ ಮುಳ್ಳ ತಿರುವ್ಯಾರ. ಒಂದು ಕಡೆ ಅಲ್ಲ, ಎರಡೂ ಕಡೆ. ಹಿಂದಕ್ಕೂ ತಿರುವ್ಯಾರ, ಮುಂದಕ್ಕೂ ತಿರುವ್ಯಾರ. ವರ್ಷಾನುಗಟ್ಟಲೆ."

ಶ್ರೀಪಾಲನಿಗೆ ಶಾಲೆಗೆ ಹೋಗುತ್ತಿದ್ದ ಕಾಲದ ಒಂದು ಮಳೆಗಾಲದ ಸಂಜೆ ಕಣ್ಣ ಮುಂದೆ ಬಂತು. ಓಣಿಯ ತಿರುವಿನಲ್ಲಿ, ಹಿಟ್ಟಿನ ಗಿರಣಿಯ ಮುಂದಿನ ದೀಪದ ಕಂಬದ ಕೆಳಗೆ, ಛತ್ರಿಯನ್ನು ಹೆಗಲಿಗೂ ಗದ್ದಕ್ಕೂ ನಡುವೆ ಸಿಕ್ಕಿಸಿಕೊಂಡು ಅಪ್ಪ ನಿಂತಿದ್ದಾನೆ. ತಲೆ ಬಗ್ಗಿಸಿ ಮಣಿಕಟ್ಟಿನ ಹತ್ತಿರ ಏನೋ ಮಾಡುತ್ತಿದ್ದಾನೆ. ಗಿರಣಿಯಲ್ಲಿ ಡಬ್ಬಿ ಹಿಡಿದು ಸರದಿ ಕಾಯುತ್ತಿದ್ದ ಶ್ರೀಪಾಲ ಕೂಗಬೇಕೆಂದು ಬಾಯಿ ತೆರೆದವನು, ಅಪ್ಪ ಆಚೀಚೆ ನೋಡಿದ ರೀತಿ ಕಂಡು ಬಾಯಿ ಮುಚ್ಚಿಕೊಂಡಿದ್ದ. ಹಾಗೆ ನೋಡುವುದನ್ನು ಅವನು ಶಾಲೆಯಲ್ಲಿ ಕಂಡಿದ್ದ, ಬೇರೆಯವರ ಪಾಟಿ ನೋಡಿ ಬರೆಯುವ ಹುಡುಗರಲ್ಲಿ. ಬೇಸಿಗೆಯಲ್ಲಿ ಅಪ್ಪ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದ, ಸೂರ್ಯ ಎಲ್ಲರಿಗೂ ಕಾಣುತ್ತಿದ್ದ. ಮಳೆಗಾಲದಲ್ಲಿ ಆಕಾಶ ಬೆಳಗಿನಿಂದಲೇ ಬೂದಿಬಣ್ಣ, ಹೊತ್ತು ಯಾವಾಗ ಮುಳುಗಿತೆಂದು ಯಾರಿಗೂ ತಿಳಿಯದು, ನೂಲಿನ ಪೇಟೆಯ ಹರಟೆಯೂ ಆಗಲೇ ಉದ್ದ. ಅಪ್ಪ ಒಳಗೆ ಬಂದು, ಪಂಚಾಂಗ ನೋಡಿ, ಕೈ ನೋಡಿ, 'ಇನ್ನೂ ಹೊತ್ತೈತಿ' ಎನ್ನುತ್ತಿದ್ದ. ಅವನು ಉಂಡ ಮೇಲೆ ಅವ್ವ ಉಣ್ಣುತ್ತಿದ್ದಳು, ಅವಸರವಿಲ್ಲದೆ, ವ್ರತಭಂಗವಿಲ್ಲದೆ. ಬೆಳಿಗ್ಗೆ ಕಪಾಟಿನ ಮರೆಯಲ್ಲಿ ಮುಳ್ಳು ಮತ್ತೆ ಮುಂದಕ್ಕೆ. ಇಷ್ಟೂ ವರ್ಷ ಶ್ರೀಪಾಲ ಇದನ್ನು ಯಾರಿಗೂ ಹೇಳಿರಲಿಲ್ಲ. ಕಾಂಚನಳಿಗೂ ಹೇಳಿರಲಿಲ್ಲ. ಅಪ್ಪನ ಹೆಸರು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ. ಈಗ ಆ ಹೆಸರು ಒಂದು ಅಕ್ಕಿಕಾಳಿಗಿಂತ ಸಣ್ಣ ಚಕ್ರದ ಮೇಲೆ, ದುಂಡಪ್ಪನ ಚಿಮ್ಮಟಿಗೆಯ ತುದಿಯಲ್ಲಿ ಕೂತಿತ್ತು.

"ದಿನಾ ಯಾಕ ತಿರುವ್ಯಾರು?" ಭೂಪಾಲಣ್ಣ ಕೇಳಿದ. ಪ್ರಶ್ನೆ ದುಂಡಪ್ಪನಿಗೆ, ಕಣ್ಣು ಮಾತ್ರ ಶ್ರೀಪಾಲನ ಮೇಲೆ. ಅಥವಾ ಹಾಗೆಂದು ಶ್ರೀಪಾಲನಿಗೆ ಅನಿಸಿತು.

ಅಪ್ಪ ದಿನವೂ ನೂಲಿನ ಗಿರಣಿಯ ಭೋಂಗಾ ಕೂಗಿಗೆ ಹೊಂದಿಸುತ್ತಿದ್ದರು ಎಂದು ಹೇಳಲು ಶ್ರೀಪಾಲ ಬಾಯಿ ತೆರೆದ. ದುಂಡಪ್ಪ ಕೈ ಎತ್ತಿ ತಡೆದ. ತನ್ನ ಅಂಗಡಿಯಲ್ಲಿ ಬೇರೆಯವರು ಉತ್ತರ ಹೇಳುವುದು ಅವನಿಗೆ ಸೇರುತ್ತಿರಲಿಲ್ಲ.

"ನೀವು ಬಿಟ್ಟು ಹೋದ ಮ್ಯಾಲ ಎರಡು ರಾತ್ರಿ ವಿಚಾರ ಮಾಡೇನಿ. ಇದು ಹಡಗಿನ ಕಪ್ತಾನನ ಘಡ್ಯಾಳ. ಮುಂಬೈಯಿಂದ ವಿಲಾಯತಿಗೆ ಹೊಂಟ್ರ ದಿನಾ ಮುಳ್ಳ ಸ್ವಲ್ಪ ಹಿಂದ ಸರಸಬೇಕು. ಅಲ್ಲಿ ಹೊತ್ತು ತಡಾ ಅಲ್ರೀ. ತಿರುಗಿ ಬರಾಕತ್ತಿದ್ರ ದಿನಾ ಮುಂದ. ಹಿಂಗ ಹತ್ತಿಪ್ಪತ್ತು ವರ್ಷ ಹೋಗಿ ಬಂದ್ರ ಹಲ್ಲು ಸವೆಯದs ಏನು ಮಾಡ್ಯಾವು? ಮುದ್ರಿ ಮೀನ ಯಾಕ? ಸಮುದ್ರದ ಮಾಲು, ಅದಕ್ಕ ಮೀನ." ಅವನು ಚಕ್ರವನ್ನು ತಟ್ಟೆಗೆ ಹಾಕಿ, ಚಪ್ಪಾಳೆ ನಿರೀಕ್ಷಿಸುವವನ ಹಾಗೆ ಗೋಡೆಗೆ ಒರಗಿದ.

"ಕಪ್ತಾನ," ಎಂದ ಭೂಪಾಲಣ್ಣ, ಮೆಲ್ಲಗೆ, ರುಚಿ ನೋಡುವಂತೆ. ಅವನ ತಲೆಯಲ್ಲಿ ಕಲ್ಲಿನ ಸಾಲುಗಳು ಜೋಡಣೆಯಾಗುತ್ತಿರುವುದು ಮುಖದ ಮೇಲೇ ಕಾಣುತ್ತಿತ್ತು. ಏಳು ಸಮುದ್ರ ಸುತ್ತಿ ಬಂದ ಗಡಿಯಾರ, ಕೊನೆಗೆ ಧರ್ಮಾತ್ಮನ ಕೈಯಲ್ಲಿ ನೆಲೆ ನಿಂತಿತು. "ಶ್ರೀಪಾಲ, ನಿಮ್ಮಪ್ಪಾರು ಈ ಮಾತು ಒಂದ ಸಲಾನೂ ಹೇಳಿದ್ದಿಲ್ಲೇನು?"

"ಅವರು ಭಾಳ ಮಾತಾಡ್ತಿದ್ದಿಲ್ರಿ," ಎಂದ ಶ್ರೀಪಾಲ. ಒಳಗೆ ಏನೋ ಧೊಪ್ಪನೆ ಕೆಳಗಿಳಿದಂತಾಯಿತು. ಅದು ನೆಮ್ಮದಿಯೆಂದು ತಿಳಿದು ನಾಚಿಕೆಯಾಯಿತು. ಆಮೇಲೆ, ಯಾರೂ ಕೇಳದೆ, ತಾನೇ ಸೇರಿಸಿದ: "ಸಣ್ಣಂವ ಇದ್ದಾಗ ಒಮ್ಮೆ ಹಡಗದ ಸುದ್ದಿ ತಗದಿದ್ರು ಅನಸ್ತೈತಿ." ಅಪ್ಪ ಪಂಚಗಂಗೆಯ ದೋಣಿ ಹತ್ತಲೂ ಹೆದರುತ್ತಿದ್ದ. ಹೇಳಿದ ಸುಳ್ಳಿಗಿಂತ ಆ ಸುಳ್ಳಿನ ಅಗತ್ಯವೇ ಇರಲಿಲ್ಲ ಎಂಬುದು ಅವನನ್ನು ಚುಚ್ಚಿತು.

ದುಂಡಪ್ಪ ಸವೆದ ಚಕ್ರದ ಬದಲು ಬೇರೊಂದು ಸತ್ತ ಗಡಿಯಾರದ ಚಕ್ರವನ್ನು ಅರದಿಂದ ಉಜ್ಜಿ ಕೂರಿಸಿದ. ಹಿಂದಿನ ಮುಚ್ಚಳ ಒತ್ತಿದ, ಚಾವಿ ಕೊಟ್ಟ. ಗಡಿಯಾರ ಟಿಕ್ ಎಂದಿತು. ಸಣ್ಣ, ಒಣ, ಅವಸರದ ಸದ್ದು. ಆ ಸದ್ದು ಕೇಳಿದ್ದೇ ಶ್ರೀಪಾಲನಿಗೆ ಅಪ್ಪನ ಮಣಿಕಟ್ಟಿನ ಕೊಬ್ಬರಿ ಎಣ್ಣೆಯ ವಾಸನೆ ಬಂದಂತಾಯಿತು. "ಒಂದು ಮಾತು ನೆನಪಿಡ್ರಿ," ಎಂದ ದುಂಡಪ್ಪ, "ಈ ಚಕ್ರ ಇದರದಲ್ಲ. ಮುಳ್ಳ ಮುಂದಕ್ಕ ಮಾತ್ರ ತಿರುವ್ರಿ. ಹಿಂದ ತಿರುವಿದ್ರ ಹಲ್ಲು ಮುರೀತಾವ. ಮುರದ್ರ ನಾನೂ ಏನೂ ಮಾಡಾಕ ಆಗೂದಿಲ್ಲ."

"ಇನ್ನ ಹಿಂದ ಯಾಕ ತಿರುವಬೇಕು," ಎಂದ ಭೂಪಾಲಣ್ಣ ನಗುತ್ತ. "ಅದರ ಪ್ರವಾಸ ಮುಗೀತು."

ಅಲ್ಲಿಂದ ಹೊರಟು ಕಲ್ಲು ಕೊರೆಯುವವನ ಹತ್ತಿರ ಬಹಳ ಹೊತ್ತು ಹೋಯಿತು. ಕಪ್ತಾನ ಎಂಬ ಪದ ಯಾವ ಸಾಲಿನಲ್ಲಿ ಬರಬೇಕು, ಜಿನಗೊಂಡಪ್ಪನ ಹೆಸರಿಗಿಂತ ಮೇಲೋ ಕೆಳಗೋ ಎಂಬುದು ಭೂಪಾಲಣ್ಣನಿಗೆ ಧರ್ಮಸಂಕಟವಾಗಿತ್ತು. ಶ್ರೀಪಾಲ ಮುಂದಿನ ಹೋಟೆಲಿಗೆ ಹೋಗಿ ಬರುತ್ತೇನೆಂದು ಹೊರಬಿದ್ದು, ಮೂಲೆಯ ಮೇಜಿನಲ್ಲಿ ಬೆನ್ನು ತಿರುಗಿಸಿ ಕೂತು, ಮನೆಯಲ್ಲಿ ನಿಷಿದ್ಧವಾದ ಉಳ್ಳಾಗಡ್ಡಿಯ ಭಜಿ ತಿಂದ. ಊರು ಬಿಟ್ಟಾಗಲೆಲ್ಲ ತಿನ್ನುತ್ತಿದ್ದ. ತಿನ್ನುವಾಗಲೆಲ್ಲ ಅವ್ವ ನೆನಪಾಗುತ್ತಿದ್ದಳು, ನೆನಪಾಗಿಯೂ ಭಜಿ ರುಚಿ ಕೆಡುತ್ತಿರಲಿಲ್ಲ. ಅಪ್ಪ ಹೋದ ಸೂತಕದ ದಿನಗಳಲ್ಲಿ ಗಡಿಯಾರಕ್ಕೆ ಚಾವಿ ಕೊಡುವವರಿಲ್ಲದೆ ನಿಂತಿತು, ಆಮೇಲೆ ಎಷ್ಟು ಚಾವಿ ಕೊಟ್ಟರೂ ನಡೆಯಲಿಲ್ಲ. ಅವತ್ತಿನಿಂದ ಅವ್ವ ಸಂಜೆ ಉಣ್ಣುವುದು ಬಿಟ್ಟಳು. ಮಧ್ಯಾಹ್ನ ಒಂದು ಜೋಳದ ಭಾಕರಿ, ಅಷ್ಟೇ. ಶ್ರೀಪಾಲ ದೊಡ್ಡ ಗೋಡೆ ಗಡಿಯಾರ ತಂದು ತೂಗುಹಾಕಿದ, ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ. 'ಹೊತ್ತಿಗೆ ಮೊದಲ ನೀವೊಬ್ಬರs ಉಣ್ರಿ ಅತ್ತಿ' ಎಂದು ಕಾಂಚನ ಬೇಡಿಕೊಂಡರೆ, 'ಮನ್ಯಾಗಿನ ಗಂಡಸು ಬರದs ನಾ ಹೆಂಗ ಉಣ್ಣಲಿ' ಎಂದಳು. ಮನೆಯ ಗಂಡಸು ನೂಲಿನ ಪೇಟೆಯಿಂದ ಬರುವಷ್ಟರಲ್ಲಿ ಗೋಡೆಯ ಗಡಿಯಾರ ಹೊತ್ತು ಮುಳುಗಿಸಿರುತ್ತಿತ್ತು. ಬಹಳ ಒತ್ತಾಯಿಸಿದಾಗ ಒಮ್ಮೆ, 'ಅವರ ಗಡಿಯಾರ ನಡಿಯಲಿ, ಆಮ್ಯಾಲ ನೋಡೂನು' ಎಂದಿದ್ದಳು. ಅವಳ ಕುಪ್ಪಸದ ತೋಳು ಈಗ ಸಡಿಲವಾಗಿ ಜೋಲುತ್ತಿತ್ತು. ಕಮಿಟಿ ಹೇಳುವ ಮೊದಲೇ ಅವಳಿಗಾಗಿ ತಾನು ಗಡಿಯಾರ ರಿಪೇರಿ ಮಾಡಿಸಬೇಕಿತ್ತು. ಮಾಡಿಸಿರಲಿಲ್ಲ. ಕಲ್ಲಿನ ಮೇಲೆ ಅಪ್ಪನ ಹೆಸರಿನ ಕೆಳಗೆ ತನ್ನ ಹೆಸರೂ ಬರುತ್ತದೆ ಎಂದಾಗ ಎರಡು ಊರು ತಿರುಗಲು ಕಾಲಿಗೆ ಬಲ ಬಂದಿತ್ತು.

ಬಸ್ಸು ತಡವಾಗಿ ಹೊರಟಿತು. ಪಂಚಗಂಗೆ ತುಂಬಿ ರಸ್ತೆಯ ಬದಿಯ ಕಬ್ಬಿನ ಗದ್ದೆಗಳಲ್ಲಿ ನೀರು ನಿಂತಿತ್ತು. ಭೂಪಾಲಣ್ಣ ಪದೇ ಪದೇ ಕಿಟಕಿಯ ಪರದೆ ಎತ್ತಿ ಆಕಾಶ ನೋಡಿದ, ಆಕಾಶ ಏನೂ ಹೇಳಲಿಲ್ಲ. ಕೈಯಲ್ಲಿದ್ದ ತನ್ನ ಗಡಿಯಾರ ನೋಡಿಕೊಂಡ, ಮುಖ ಸಪ್ಪಗಾಯಿತು. "ನಂದು ಸ್ವಲ್ಪ ಮುಂದ ಓಡತೈತಿ ಮೊದಲಿನಿಂದಾನೂ," ಎಂದ. "ಕಪ್ತಾನಂದು ಎಷ್ಟೈತಿ?" ಶ್ರೀಪಾಲ ಅಪ್ಪನ ಗಡಿಯಾರ ಕಟ್ಟಿಕೊಂಡಿದ್ದ ಕೈ ಚಾಚಿದ. ಎರಡಕ್ಕೂ ಐದು ನಿಮಿಷ ಅಂತರ ಇತ್ತು. ಭೂಪಾಲಣ್ಣ ಸ್ವಲ್ಪವೂ ತಡಮಾಡದೆ ಹಿಂದಿದ್ದ ಗಡಿಯಾರವನ್ನು ನಂಬಿದ. "ಹಂಗಾರ ಇನ್ನೂ ಹೊತ್ತೈತಿ. ಹಾತಕಣಂಗಲೆಯೊಳಗ ನಮ್ಮ ಬೀಗರ ಮನಿ ಐತಿ, ಇಳದು ಉಂಡ ಬರತೇನಿ. ನೀ ನಡಿ." ಅವನು ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು, ಧೋತರ ಎತ್ತಿ ಹಿಡಿದು, ತನ್ನ ವಯಸ್ಸಿಗೂ ಹುದ್ದೆಗೂ ಒಪ್ಪದ ವೇಗದಲ್ಲಿ ಕೆಸರಿನಲ್ಲಿ ಓಡಿದ. ಶ್ರೀಪಾಲನಿಗೆ ನಗು ಬಂತು. ಆ ನಗುವಿನ ಮಧ್ಯದಲ್ಲೇ ತಾನು ಮನೆ ಮುಟ್ಟುವ ಹೊತ್ತಿನ ಲೆಕ್ಕ ಹಾಕಿದ. ಹೊತ್ತು ಮುಳುಗಿ ಅರ್ಧ ತಾಸಾದರೂ ಆಗಿರುತ್ತದೆ.

ಗಡಿಯಾರ ನಡೆಯುತ್ತಿದೆ. ಅವ್ವ ಕೇಳಿದ್ದು ಅಷ್ಟೇ. ಆದರೆ ಸರಿಯಾಗಿ ನಡೆಯುವ ಗಡಿಯಾರ ತೆಗೆದುಕೊಂಡು ಹೋದರೆ ಅದು ಗೋಡೆಯ ಗಡಿಯಾರ ಹೇಳುವುದನ್ನೇ ಹೇಳುತ್ತದೆ, ಅವ್ವ ಮತ್ತೆ ನೀರು ಕೂಡ ಮುಟ್ಟುವುದಿಲ್ಲ. ಹಾಗಾದರೆ ಅಪ್ಪ ಮಾಡಿದ್ದು ಸುಳ್ಳೇ? ಹೆಂಡತಿಗೆ ಊಟ ಮಾಡಿಸುವ ಸಲುವಾಗಿ ಅಷ್ಟು ವರ್ಷ ಪಾಪವನ್ನು ಒಬ್ಬನೇ ಹೊತ್ತಿದ್ದನೇ? ಈ ವಿಚಾರ ಬಂದದ್ದೇ ಶ್ರೀಪಾಲನ ಎದೆ ತುಂಬಿ ಬಂತು. ಓಣಿಯ ತಿರುವಿಗೆ ಬರುವಷ್ಟರಲ್ಲಿ ಅಪ್ಪ ಕಲ್ಲಿಗೆ ಯೋಗ್ಯನಾಗಿಬಿಟ್ಟಿದ್ದ, ಕಪ್ತಾನನ ಸಹಾಯವಿಲ್ಲದೆಯೇ. ಹಿಟ್ಟಿನ ಗಿರಣಿ ಮುಚ್ಚಿತ್ತು, ದೀಪದ ಕಂಬದಲ್ಲಿ ಬಲ್ಬು ಹತ್ತಿತ್ತು. ಶ್ರೀಪಾಲ ಛತ್ರಿಯನ್ನು ಹೆಗಲಿಗೂ ಗದ್ದಕ್ಕೂ ನಡುವೆ ಸಿಕ್ಕಿಸಿದ. ಆಚೀಚೆ ನೋಡಿದ. ಗಡಿಯಾರದ ಪಕ್ಕದ ಕೀಲಿಯನ್ನು ಉಗುರಿನಿಂದ ಹೊರಕ್ಕೆಳೆದು ಹಿಂದಕ್ಕೆ ತಿರುವಲು ಹೋದವನಿಗೆ ದುಂಡಪ್ಪನ ಮಾತು ನೆನಪಾಯಿತು.

ಮುಂದಕ್ಕೆ ಮಾತ್ರ. ಅಂದರೆ ಒಂದು ತಾಸು ಹಿಂದೆ ಹೋಗಲು ಹನ್ನೊಂದು ತಾಸು ಮುಂದೆ ಹೋಗಬೇಕು. ಅವನು ತಿರುವಿದ. ಕೀಲಿ ಗೋಧಿಕಾಳಿನಷ್ಟಿತ್ತು, ಬೆರಳು ಒದ್ದೆಯಾಗಿ ಜಾರುತ್ತಿದ್ದವು. ಮುಳ್ಳು ಎಂಟಕ್ಕೆ ಬಂತು, ಒಂಬತ್ತಕ್ಕೆ ಬಂತು. ಛತ್ರಿ ಜಾರಿತು, ಎತ್ತಿಕೊಂಡ. ಹನ್ನೆರಡು ದಾಟಿತು, ಇಡೀ ಓಣಿ ಮಲಗಿ ಎದ್ದಷ್ಟು ಹೊತ್ತಾಯಿತು ಎನಿಸಿತು. ಸೈಕಲ್ಲಿನ ಮೇಲೆ ಯಾರೋ ಹೋದರು, ಶ್ರೀಪಾಲ ಚಪ್ಪಲಿಯ ಉಂಗುಟ ಸರಿಮಾಡಿಕೊಳ್ಳುವವನಂತೆ ಬಗ್ಗಿದ. ಮತ್ತೆ ತಿರುವಿದ. ಅಪ್ಪನಿಗೆ ಇದು ಎಷ್ಟು ಸಲೀಸಾಗಿತ್ತು. ಎರಡು ಬೆರಳು, ಅರ್ಧ ಸುತ್ತು, ಮುಗಿಯಿತು. ತನ್ನ ಪಾಲಿಗೆ ಪಾಪ ಕೂಡ ಕೂಲಿ ಕೆಲಸವಾಗಿ ಬಂತಲ್ಲ ಎಂದು ಸಿಟ್ಟು ಬಂತು. ಕೊನೆಗೆ ಮುಳ್ಳು ಬೇಕಾದಲ್ಲಿಗೆ ಬಂದಾಗ ಅವನ ಬೆನ್ನು ಪೂರ್ತಿ ತೊಯ್ದಿತ್ತು, ತೋರುಬೆರಳಿನ ಚರ್ಮ ಸುಲಿದಿತ್ತು. ಅವ್ವನ ಸಲುವಾಗಿ ಇಷ್ಟು ಮಾಡಿದ ಮಗ ಈ ಊರಿನಲ್ಲಿ ಬೇರೆ ಯಾರೂ ಇರಲಾರ ಎಂದುಕೊಳ್ಳುತ್ತ ಮನೆಯ ಕಡೆ ನಡೆದ.

ಹೊಸ್ತಿಲು ದಾಟಿದಾಗ ತಾಟು ಹಾಕಿತ್ತು. ಒಂದೇ ತಾಟು. ಕಾಂಚನ ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿದ್ದಳು, ತಲೆ ಎತ್ತಲಿಲ್ಲ. ಅವ್ವ ಓಣಿಯ ಕಡೆಯ ಕಿಟಕಿಯ ಪಕ್ಕ ಮಣೆಯ ಮೇಲೆ ಕೂತಿದ್ದಳು. ಶ್ರೀಪಾಲ ಪಂಚಾಂಗದ ಮುಂದೆ ನಿಂತು, ಕೈ ಎತ್ತಿ ನೋಡಿ, ಅಪ್ಪನ ಧ್ವನಿಯಲ್ಲೇ ಹೇಳಿದ: "ಗಡಿಯಾರ ನಡ್ಯಾಕತ್ತೈತವ್ವಾ. ಇನ್ನೂ ಹೊತ್ತೈತಿ. ಇಬ್ಬರೂ ಕೂಡೇ ಉಣ್ಣೂನು."

ಸಾವಕ್ಕ ಗಡಿಯಾರ ನೋಡಲಿಲ್ಲ. ಅವನ ಕೈ ಹಿಡಿದು ಹತ್ತಿರ ಎಳೆದುಕೊಂಡು, ಸುಲಿದ ಬೆರಳನ್ನು ಸೆರಗಿನಿಂದ ಒರೆಸಿದಳು. ಮಗ್ಗಗಳು ಆ ಹೊತ್ತಿಗೆ ಪಾಳಿ ಮುಗಿದು ನಿಂತಿದ್ದವು, ಅವಳ ಸಣ್ಣ ಧ್ವನಿಯೂ ಚೆನ್ನಾಗಿ ಕೇಳಿಸಿತು.

"ನಿಮ್ಮಪ್ಪಗ ಇಷ್ಟೊತ್ತು ಹಿಡೀತಿರಲಿಲ್ಲ," ಎಂದಳು.

ಅವನ ಬಾಯಿಂದ ಹೊರಬಿದ್ದದ್ದು ರಿಪೇರಿಯ ಮಾತು. "ಹಿಂದ ತಿರುವಾಕ ಬರೂದಿಲ್ಲವ್ವಾ ಈಗ. ಮುಂದ ಮಾತ್ರ ತಿರುಗತೈತಿ."

"ಅವರಿಗೆ ಹಸಿವು ತಡೀತಿರಲಿಲ್ಲ," ಎಂದಳು ಸಾವಕ್ಕ, ಅವನು ಹೇಳಿದ್ದು ಕೇಳಿಸದವಳಂತೆ. "ನಾ ಉಣ್ಣದಿದ್ರ ನನಗ ಗೊತ್ತಾಗೇತಿ ಅಂತ ಅವರಿಗೆ ತಿಳೀತಿತ್ತು. ಮಾರಿ ಸಣ್ಣದಾಗತಿತ್ತು. ಅದಕ್ಕ ಉಂಡೆ. ಮಳಿಗಾಲ ಬಂದಾಗೆಲ್ಲಾ ಗೊತ್ತಿದ್ದs ಉಂಡೆ. ಈಗ ಯಾರ ಮಾರಿ ಉಳಸಾಕ ಉಣ್ಣಲಿ? ಇದ್ದಷ್ಟು ದಿನ ವ್ರತ ನೆಟ್ಟಗ ನಡೀಲಿ." ಅವಳು ತಾಟನ್ನು ಅವನ ಕಡೆ ಸರಿಸಿದಳು. "ನೀ ಕುಂಡರು. ಪಲ್ಯ ಆರತೈತಿ."

ನಾನು ನಿನ್ನ ಸಲುವಾಗಿ ಮಾಡಿದೆ ಎಂದು ಹೇಳಬೇಕೆಂದುಕೊಂಡ. ಹೇಳಿದ್ದರೆ ಅವಳು ನಂಬಿದಂತೆ ಮಾಡುತ್ತಿದ್ದಳು, ಅಪ್ಪನನ್ನು ನಂಬಿದಂತೆ ಮಾಡುತ್ತಿದ್ದ ಹಾಗೆಯೇ. ಅದು ಗೊತ್ತಾಗಿ ಅವನು ತಾಟಿನ ಕಡೆ ನೋಡಿದ. ಬಿಸಿ ಭಾಕರಿ, ಬದನೆಕಾಯಿ, ಗುರೆಳ್ಳು ಪುಡಿ. ಬೆಳಗಿನಿಂದ ಒಂದು ತಟ್ಟೆ ಭಜಿ ಬಿಟ್ಟರೆ ಏನೂ ತಿಂದಿರಲಿಲ್ಲ, ಹೊಟ್ಟೆ ಅವನನ್ನು ಕೇಳದೆ ಸದ್ದು ಮಾಡಿತು. ಕಾಂಚನ ಆ ಸದ್ದು ಕೇಳಿಯೂ ಬೂದಿ ಕೆದಕುತ್ತಲೇ ಇದ್ದಳು. ಅವ್ವ ಕಿಟಕಿಯ ಕಡೆ ತಿರುಗಿದಳು. ಹೊರಗೆ ಕತ್ತಲೆ ಪೂರ್ತಿ ಇಳಿದಿತ್ತು, ಕಂಬದ ಬಲ್ಬು ಒಂದನ್ನು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಶ್ರೀಪಾಲ ತಾಟಿನ ಮುಂದೆ ಕೂತ. ಭಾಕರಿ ಮುರಿಯುವ ಮೊದಲು ಕೈ ತಾನಾಗಿ ಎದ್ದಿತು, ಮಣಿಕಟ್ಟು ತಿರುಗಿತು, ಕಣ್ಣು ಡಯಲಿನ ಮೇಲೆ ಬಿತ್ತು.

ಇನ್ನೂ ಹೊತ್ತಿತ್ತು. ಅವನು ಉಂಡ.